ಎರಡು ಕರುಗಲ್ಲು, ಒಂದು ಎಮ್ಮೆ

ಶಿಕಾರಿಪುರದಿಂದ ಸೊರಬದವರೆಗಿನ ಹಳೆಯ ಕಲ್ಲುಗಳನ್ನು ನೋಡಲು ಬಾಡಿಗೆ ಕಾರಿಗೆ ಎರಡು ಸಾವಿರ ಕೊಟ್ಟೆ. ಬಸ್ಸು ಇಂಥ ಜಾಗಗಳಲ್ಲಿ ನಿಲ್ಲುವುದಿಲ್ಲ. ದಾರಿಯ ಒಂದು ಹಳ್ಳಿಯಲ್ಲಿ ಕರುಗಲ್ಲು, ಎಂದರೆ ಊರು ಕಟ್ಟಿದವರು ಮೊದಲು ನೆಟ್ಟ ಕಲ್ಲು, ಇದೆ ಎಂದಿದ್ದರು. ಹೋಗಿ ನೋಡಿದರೆ ಎರಡಿವೆ. ಒಂದು ಪುಟ್ಟ ಉದ್ಯಾನದ ಬೇಲಿಯೊಳಗೆ, ಇನ್ನೊಂದು ಹೊರಗೆ, ದನ ಹೋಗುವ ದಾರಿಯಲ್ಲಿ. ಯಾವುದು ನಿಜವಾದದ್ದೋ ತಿಳಿಯದೆ ನಿಂತಿದ್ದೆ.

ಅಷ್ಟರಲ್ಲಿ ಹೆಂಗಸೊಬ್ಬರು ಕೊಡ ಹೊತ್ತು ಬಂದು ಎರಡಕ್ಕೂ ನೀರು ಹೊಯ್ದರು. ಬೆಳಿಗ್ಗೆಯಿಂದ ಅವರ ಗಬ್ಬದ ಎಮ್ಮೆ ಮೇಲೇಳುತ್ತಿಲ್ಲವಂತೆ. ದನಕ್ಕೆ ಕಾಯಿಲೆಯಾದರೆ ಕರುಗಲ್ಲಿಗೆ ನೀರು ಹಾಕುವುದು ಅಲ್ಲಿಯ ರೂಢಿ.

“ಇದರಲ್ಲಿ ಯಾವುದಮ್ಮಾ ಕರುಗಲ್ಲು?” ಎಂದೆ.

“ನಮ್ಮತ್ತೆ ಹೊರಗಿಂದು ಅಂತಾರೆ, ನಮ್ಮನೆಯೋರು ಒಳಗಿಂದು ಅಂತಾರೆ. ಅವರಿಬ್ರ ಜಗಳ ಮುಗಿಯೋ ತನಕ ಎಮ್ಮೆ ಉಳೀಬೇಕಲ್ರೀ.”

“ಡಾಕ್ಟರು?”

“ಫೋನ್ ಮಾಡೀನಿ. ಬೈಕ್ ಕೆಟ್ಟು ಸೊರಬದಾಗೇ ಕುಂತಾರೆ. ನಿಮ್ಮ ಕಾರು ಸುಮ್ನೆ ನಿಂತೈತಲ್ರೀ?”

ಬೆಲೆ ಇಳಿಸಿ ಇಳಿಸಿಯೇ ಅಂಗಡಿ ಕಟ್ಟಿದವನು ನಾನು. ಇಲ್ಲಿ ಚೌಕಾಸಿ ಮಾಡದೆ ಡ್ರೈವರ್‌ಗೆ ಹೊರಡಲು ಹೇಳಿದೆ. ಕಾರು ಸೊರಬಕ್ಕೆ ಹೋಗಿ ಡಾಕ್ಟರನ್ನು ಕರೆತಂದಿತು. ಸೂಜಿ ಹಾಕಿ ಸ್ವಲ್ಪ ಹೊತ್ತಿಗೆ ಎಮ್ಮೆ ಎದ್ದಿತು. ಅತ್ತೆ ಹೊರಗಿನ ಕಲ್ಲಿಗೆ ಕೈ ಮುಗಿದರು, ಅವರ ಮಗ ಒಳಗಿನದಕ್ಕೆ. ಎರಡರಲ್ಲಿ ನಿಜವಾದ ಕರುಗಲ್ಲು ಯಾವುದು ಎಂದು ನನಗೆ ಈಗಲೂ ಗೊತ್ತಿಲ್ಲ.

ನೀವು ಹೋಗುವುದಾದರೆ ಬಾಡಿಗೆಯನ್ನು ದಿನದ ಲೆಕ್ಕದಲ್ಲಿ ಮಾತಾಡಿ, ಕಿಲೋಮೀಟರ್ ಲೆಕ್ಕದಲ್ಲಿ ಬೇಡ. ಅಲ್ಲಿ ಕಾರಿಗೆ ನಿಮ್ಮದಕ್ಕಿಂತ ತುರ್ತಿನ ಕೆಲಸ ಬಂದೀತು.