ಹಿಟ್ಟಿನ ಕೈ

ಭಟ್ಟಿಯಣ್ಣನನ್ನು ನೋಡಿದವರಿಗೆ ಇವನು ಮನುಷ್ಯನೋ ಮೈದಾ ಮೂಟೆಯೋ ಎಂಬ ಅನುಮಾನ ಬರಬೇಕು. ಇಪ್ಪತ್ತೆರಡು ವರ್ಷ ಬೇಕರಿಯ ಭಟ್ಟಿಯ ಮುಂದೆ ನಿಂತು ಹುಬ್ಬು ಅರ್ಧ ಸುಟ್ಟಿತ್ತು, ಉಳಿದರ್ಧ ಹಿಟ್ಟು ಹತ್ತಿ ಬೆಳ್ಳಗಾಗಿತ್ತು. ಶಾಖ ಸಾಕೋ ಸಾಲದೋ ಎಂದು ಭಟ್ಟಿಯ ಬಾಯಿಗೆ ಕೈ ಹಿಡಿದೇ ಹೇಳುತ್ತಿದ್ದ. ಗೋಡೆಯ ಮೇಲಿನ ಮೀಟರು ಮಾಲೀಕರ ಸಮಾಧಾನಕ್ಕೆ, ಅಷ್ಟೇ. ಮಾತಂತೂ ಕೇಳಲೇಬೇಡಿ. ಉಬ್ಬದ ಹಿಟ್ಟನ್ನೂ ಬಿಡುತ್ತಿರಲಿಲ್ಲ: "ಏಳಪ್ಪಾ ದೊರೆ, ಎಷ್ಟು ಹೊತ್ತು ಅಂತ ಮಲಗ್ತೀಯ?"

ಅಂಥ ಬಾಯಿಬಡುಕನ ಮಗಳಿಗೆ ನಾಲ್ಕು ತುಂಬಿದರೂ ಒಂದು ಮಾತು ಬರಲಿಲ್ಲ.

ತಡವಾಗಿ ಹುಟ್ಟಿದ ಮಗಳು. ಕೆನ್ನೆ ನೋಡಿ ಅಪ್ಪನೇ 'ಬನ್ನಮ್ಮ' ಎಂದು ಕರೆದಿದ್ದ. ಕರೆದರೆ ತಿರುಗುತ್ತಿರಲಿಲ್ಲ, ಯಾರ ಮುಖವನ್ನೂ ನೋಡುತ್ತಿರಲಿಲ್ಲ, ಡಬ್ಬಿಯ ಮುಚ್ಚಳ ತಿರುಗಿಸುತ್ತ ಕೂತರೆ ಕೂತಳು. ಆಟಿಸಂ ಎಂದರು ಡಾಕ್ಟರಮ್ಮ. ಆದರೆ ಮಧ್ಯಾಹ್ನ ಮೂರಕ್ಕೆ ಅಪ್ಪ ಬಂದು ಬಾಗಿಲ ಮೆಟ್ಟಿಲ ಮೇಲೆ ಕೂತನೆಂದರೆ ಎಲ್ಲಿದ್ದರೂ ಬರುತ್ತಿದ್ದಳು. ಅವನ ಮಣಿಕಟ್ಟು ಹಿಡಿದು ಮೂಸಿ, ಹಿಟ್ಟು ಅಂಟಿದ ಅಂಗೈಗೆ ಹಣೆ ಒತ್ತಿ ನಿಲ್ಲುತ್ತಿದ್ದಳು. ಎರಡು ನಿಮಿಷ, ಹೆಚ್ಚೆಂದರೆ ಮೂರು. ಅಷ್ಟಕ್ಕಾಗಿ ಅವನು ಹೊತ್ತಾದ ಮೇಲೆ ಒಂದು ಟ್ರೇಯನ್ನೂ ಮುಟ್ಟದೆ ಮನೆಗೆ ಓಡುತ್ತಿದ್ದ.

ಆಸ್ಪತ್ರೆಯ ಬೆಂಚಿನ ಮೇಲೆ ಪಕ್ಕದಲ್ಲಿ ಕೂತ ಹೆಂಗಸೊಬ್ಬಳು ಅವನ ಹೆಂಡತಿಯ ಕಿವಿಯಲ್ಲಿ ಒಂದು ಆಸೆ ಊದಿದಳು. "ಗೋಧಿ, ಹಾಲು ಎರಡೂ ಬಿಡಿಸಿ ನೋಡಿ. ನಮ್ಮ ಹುಡುಗ ಆರೇ ವಾರಕ್ಕೆ ಅಮ್ಮಾ ಅಂದ. ಆದ್ರೆ ಒಂದು ಚಿಟಿಕೆ ಹಿಟ್ಟು ಸೋಕಿದ್ರೂ ಮಾಡಿದ್ದೆಲ್ಲ ಮಣ್ಣುಪಾಲು, ನೆನಪಿಟ್ಕೊಳ್ಳಿ."

ಡಾಕ್ಟರಮ್ಮ ಹೌದೂ ಅನ್ನಲಿಲ್ಲ, ಬೇಡವೂ ಅನ್ನಲಿಲ್ಲ. "ಇದರಿಂದ ಮಾತು ಬರುತ್ತೆ ಅನ್ನೋದಕ್ಕೆ ಗಟ್ಟಿ ಆಧಾರ ಇಲ್ಲ. ಮಾಡೋದೇ ಆದ್ರೆ ಮೂರು ತಿಂಗಳು ಮಾಡಿ. ತೂಕ ನೋಡ್ಕೊಳ್ಳಿ, ಕಂಡಿದ್ದನ್ನ ದಿನಾ ಬರೆದಿಡಿ."

"ಒಂದೇ ಒಂದ್ಸಲ ಅಮ್ಮಾ ಅಂದ್ರೆ ಸಾಕು ಕಣ್ರೀ" ಎಂದು ಹೆಂಡತಿ ಕಣ್ಣಲ್ಲಿ ನೀರು ತಂದುಕೊಂಡಳು.

"ನಿನಗೆ ಅಮ್ಮಾ ಅಂದ್ಮೇಲೆ ನನಗೆ ಅಪ್ಪಾ ಅನ್ಲೇಬೇಕು. ಈಗ್ಲೇ ಹೇಳಿಟ್ಟಿದೀನಿ, ಆಮೇಲೆ ತಕರಾರು ಬೇಡ."

"ಹಾಗಾದ್ರೆ ಬನ್ನಮ್ಮ ಅನ್ನೋದನ್ನ ಬಿಡಿ. ಅದ್ರಲ್ಲೂ ಮೈದಾ ಇದೆ!" ಇಬ್ಬರೂ ನಕ್ಕರು. ಆ ಮನೆಯಲ್ಲಿ ಬಹಳ ದಿನಕ್ಕೆ ಬಂದ ನಗು ಅದು.

ಮಗು ತಿನ್ನುತ್ತಿದ್ದುದೇ ಮೂರು: ಬ್ರೆಡ್ಡಿನ ಅಂಚು, ಹಾಲು, ಬಿಸ್ಕತ್ತು. ಮೂರಕ್ಕೂ ಬಾಗಿಲು ಮುಚ್ಚಿತು. ಅನ್ನ ಉಗಿದಳು, ಬಾಳೆಹಣ್ಣು ಎಸೆದಳು, ಹಸಿದು ಗೋಡೆಗೆ ತಲೆ ಚಚ್ಚಿಕೊಂಡಳು. ಅಪ್ಪ ಅಂಗೈಯನ್ನು ಗೋಡೆಗೂ ಹಣೆಗೂ ನಡುವೆ ಇಟ್ಟು ಕೂತ. ಹಿಟ್ಟಿಲ್ಲದ ಅಂಗೈ! ಯಾಕೆಂದರೆ ಆ 'ಒಂದು ಚಿಟಿಕೆ' ಅವನ ತಲೆಯಲ್ಲಿ ಕೂತುಬಿಟ್ಟಿತ್ತು. ಅಂಗಿಯನ್ನು ಬೇಕರಿಯಲ್ಲೇ ಬಿಚ್ಚಿಟ್ಟು, ಹಿಂದಿನ ನಲ್ಲಿಯ ಕೆಳಗೆ ಎರಡು ಸಲ ಸೋಪು ಹಾಕಿ, ಟ್ರೇ ಉಜ್ಜುವ ಬ್ರಷ್ಷಿನಿಂದ ಉಗುರು ತಿಕ್ಕಿ, ಒಗೆದ ಬಟ್ಟೆ ತೊಟ್ಟು ಮನೆಗೆ ಬರುತ್ತಿದ್ದ. "ಮದುವೆ ಗಂಡು ಹೊರಟ ನೋಡ್ರೋ" ಎಂದು ಹಿಟ್ಟು ನಾದುವ ಮುದುಕ ದಿನಾ ಛೇಡಿಸುತ್ತಿದ್ದ.

ಮೊದಲ ದಿನ ಮಗಳು ಬಂದು ಮಣಿಕಟ್ಟು ಮೂಸಿದಳು. ಕೈಬಿಟ್ಟಳು. ಅವನನ್ನು ದಾಟಿ ಹೋಗಿ ಮೆಟ್ಟಿಲ ಮೇಲೆ ಬೀದಿ ಕಡೆ ಮುಖ ಮಾಡಿ ಕೂತಳು. ಮರುದಿನವೂ ಹಾಗೇ. ಮೂರಕ್ಕೆ ಕೂತರೆ ಬೀದಿ ದೀಪ ಹತ್ತುವವರೆಗೆ ಅಲ್ಲಾಡುತ್ತಿರಲಿಲ್ಲ. ಚಡಪಡಿಸುವ ಮಗು ಹೀಗೆ ಕೂತಿತಲ್ಲ ಎಂದು ಗಂಡಹೆಂಡಿರಿಗೆ ಹಾಲು ಕುಡಿದಷ್ಟು ಸಂತೋಷ, ಮನೆಯಲ್ಲಿ ಹಾಲಿಗೇ ಬಹಿಷ್ಕಾರವಿದ್ದರೂ. ಭಟ್ಟಿಯಣ್ಣ ನೋಟ್‌ಬುಕ್ಕಿನಲ್ಲಿ ಗುಂಡಗೆ ಬರೆದ: 'ಮೂರು ಗಂಟೆಯಿಂದ ದೀಪ ಹತ್ತುವವರೆಗೆ ಒಂದೇ ಕಡೆ ಕೂತಳು. ತಾಳ್ಮೆ ಬಂದಿದೆ.' ಕೆಳಗೆ ಗೆರೆಯನ್ನೂ ಎಳೆದ.

ಹತ್ತನೆಯ ವಾರ ಬರೆದ: 'ಬಾಗಿಲಲ್ಲಿ ಕೂರುವ ಹಠ ಬಿಟ್ಟಳು. ಈಗ ಒಳಗೇ ಇರುತ್ತಾಳೆ.'

ಮೂರು ತಿಂಗಳು ಮುಗಿಯಿತು. ಮಾತು ಬರಲಿಲ್ಲ. ಬನ್ನಿನಂಥ ಕೆನ್ನೆ ಇಳಿದು ಹೋಗಿತ್ತು. ಡಾಕ್ಟರಮ್ಮ ತೂಕ ನೋಡಿ, ಸಾಕು ನಿಲ್ಲಿಸಿ ಎಂದರು. ಆಮೇಲೆ ನೋಟ್‌ಬುಕ್ ತಿರುವುತ್ತ ಒಂದು ಕಡೆ ತಡೆದರು.

"ಮೂರು ಗಂಟೆಗೆ ಮನೆಗೆ ಯಾರು ಬರ್ತಾರೆ?"

"ನಾನೇ, ಡಾಕ್ಟ್ರೇ."

"ಮುಂಚೆ ನೀವು ಬಂದಾಗ ಏನು ಮಾಡ್ತಿದ್ಲು?"

ಹಣೆ, ಅಂಗೈ, ಹಿಟ್ಟು ಎಲ್ಲ ಹೇಳುತ್ತ ಹೋದ. ಸೋಪಿನ ವಿಷಯಕ್ಕೆ ಬರುವಷ್ಟರಲ್ಲಿ ತನ್ನ ಅಂಗೈಯನ್ನೇ ಮೂಸಿ ನೋಡಿಕೊಂಡ. ಮಗಳು ದಿನಾ ಕಾದದ್ದು ಅವನನ್ನೇ, ಹಿಟ್ಟಿನ ವಾಸನೆಯ ಅಪ್ಪನನ್ನೇ. ಅವನು ಒಳಗೆ ಕೂತು ಅದನ್ನು ತಾಳ್ಮೆ ಎಂದು ಬರೆದಿದ್ದ. ಅವಳು ಅಪ್ಪನ ಆಸೆ ಬಿಟ್ಟಾಗ ಅದನ್ನೂ ಬರೆದಿದ್ದ.

"ಅವಳ ಬಾಯಿಗೆ ಹಿಟ್ಟು ಹೋಗದಿದ್ರೆ ಆಗ್ತಿತ್ತು. ಅಂಗಿ ಬದಲಾಯಿಸೋದೇ ಬೇಕಿರಲಿಲ್ಲ" ಎಂದರು ಡಾಕ್ಟರಮ್ಮ ಮೆಲ್ಲಗೆ. ಹೆಂಡತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಮರುದಿನ ಅವನು ಹುಬ್ಬಿನವರೆಗೆ ಹಿಟ್ಟಾಗಿ ಮನೆಗೆ ಬಂದು ಮೆಟ್ಟಿಲ ಮೇಲೆ ಕೂತು ಕೈ ಚಾಚಿದ. ಒಳಗೆ ಮುಚ್ಚಳ ತಿರುಗುವ ಸದ್ದು ನಿಂತಿತು. ಬನ್ನಮ್ಮ ಬಂದಳು. ಮಣಿಕಟ್ಟು ಹಿಡಿದು ಮೂಸಿದಳು. ಮತ್ತೆ ಮೂಸಿದಳು. ಆಮೇಲೆ ಹಲ್ಲೂರಿ ಕಚ್ಚಿದಳು, ಇದ್ದಬದ್ದ ಶಕ್ತಿಯೆಲ್ಲ ಹಾಕಿ. ಹೆಂಡತಿ ಬಿಡಿಸಲು ಓಡಿ ಬಂದಳು.

"ಬಿಡೇ, ಕಚ್ಲಿ" ಎಂದ. ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಕೈ ಮಾತ್ರ ಎಳೆದುಕೊಳ್ಳಲಿಲ್ಲ. ಅವಳೇ ಬಿಟ್ಟು ಒಳಗೆ ಹೋದಳು.

ಬೆಳಿಗ್ಗೆ ಬೇಕರಿಯಲ್ಲಿ ಮುದುಕ ಮಣಿಕಟ್ಟು ನೋಡಿ, "ಏನಯ್ಯಾ, ಟ್ರೇ ತಾಗಿ ಸುಟ್ಕೊಂಡ್ಯಾ?" ಎಂದ.

"ಇಲ್ಲ ಯಜಮಾನ್ರೇ. ಮಗಳು ಬೈದ್ಲು. ಇಷ್ಟು ದಿನ ಎಲ್ಲಿ ಹೋಗಿದ್ದೆ ಅಂತ."

ಮುದುಕ ಅವತ್ತು ಛೇಡಿಸಲಿಲ್ಲ. ಈಗ ಭಟ್ಟಿಯಣ್ಣ ಮೂರಕ್ಕೆ ಹಿಟ್ಟಿನ ಕೈಯಲ್ಲೇ ಹೋಗಿ ಮೆಟ್ಟಿಲ ಮೇಲೆ ಕೂರುತ್ತಾನೆ. ಅವಳು ಕೆಲವು ದಿನ ಬಂದು ಮೂಸಿ ಹೋಗುತ್ತಾಳೆ, ಕೆಲವು ದಿನ ಬರುವುದೇ ಇಲ್ಲ. ಹಣೆ ಇನ್ನೂ ಅಂಗೈಗೆ ಬಂದಿಲ್ಲ. ಬೀದಿ ದೀಪ ಹತ್ತುವವರೆಗೂ ಅವನು ಅಲ್ಲೇ ಕೂತಿರುತ್ತಾನೆ.