ಮೆಟ್ರಿ ಮಣ್ಣು

ಕಂಪ್ಲಿ ಸಂತೆಯ ದಿನ ಉಚ್ಚೆಂಗಪ್ಪನಿಗೆ ಒಂದು ಹಿಡಿ ಚುರುಮುರಿ ಕೂಡ ಹುಟ್ಟುತ್ತಿರಲಿಲ್ಲ. ಬೇರೆ ದಿನ ತಾನೇ ಕೂಗಿ ಕರೆದು ಅವನ ವಲ್ಲಿಗೆ ಸುರಿಯುತ್ತಿದ್ದ ಹಂಪಕ್ಕ ಆವತ್ತು ಮಾತ್ರ ಬುಟ್ಟಿಯ ಮೇಲೆ ಸೆರಗು ಎಳೆದುಬಿಡುತ್ತಿದ್ದಳು. "ಇವತ್ತು ನಿನಗ ಕೊಡಂಗಿಲ್ಲ, ನಾಳಿಗೆ ಬಾ ಹೋಗು" ಎಂದು ಮುಖ ತಿರುವುತ್ತಿದ್ದಳು. ಉಚ್ಚೆಂಗಪ್ಪ ಹಸಿದ ಹೊಟ್ಟೆಯಲ್ಲೇ ಗರಡಿಗೆ ಮರಳುತ್ತಿದ್ದ.

ತಪ್ಪು ಅವನದೇ ಅನ್ನಿ. ಹೊಳೆದಂಡೆಯ ಬಯಲಿನಲ್ಲಿ ಸಂತೆ ಚದುರುವ ಹೊತ್ತಿಗೆ ಕುಸ್ತಿ ಶುರುವಾದರೆ ಉಚ್ಚೆಂಗಪ್ಪ ಮಾಡದ ಅನ್ಯಾಯವಿರಲಿಲ್ಲ. ಎದುರಾಳಿಯ ಕಣ್ಣಿಗೆ ಮಣ್ಣು ಎರಚುವುದು, ಪಂಚರು ಆ ಕಡೆ ನೋಡಿದಾಗ ಬೆರಳು ತಿರುಚುವುದು, ಕುರ್ಚಿ ಮೇಲೆ ಕೂತ ಹಿರಿಯರ ಎದುರು ಮೀಸೆ ತಿರುವುವುದು. ಪಕ್ಕದ ಮೆಟ್ರಿಯಲ್ಲೇ ಹುಟ್ಟಿ ಬೆಳೆದವನನ್ನು "ಆದೋನಿ ಪೈಲ್ವಾನ" ಎಂದು ತಮಟೆ ಬಡಿದು ಸಾರುತ್ತಿದ್ದರು. ಅವನ ಸೋದರಮಾವಂದಿರು, ಅವನ ಜೊತೆ ಎಮ್ಮೆ ಕಾಯ್ದವರು, ಎಲ್ಲರೂ ಅಲ್ಲೇ ನಿಂತು "ಆ ಆದೋನಿಯವಗ ಮಣ್ಣು ಮುಕ್ಕಸ್ರಿ!" ಎಂದು ಗಂಟಲು ಹರಿದುಕೊಳ್ಳುತ್ತಿದ್ದರು. ಕೊನೆಗೆ ಹೊಸಪೇಟೆಯ ಭರಮಣ್ಣ ಅವನನ್ನು ಎತ್ತಿ ನೆಲಕ್ಕೆ ಬಡಿದಾಗ ಬಯಲಿಗೆ ಬಯಲೇ ಕುಣಿಯುತ್ತಿತ್ತು. ಇಷ್ಟೆಲ್ಲ ನೋಡಿಯೂ ಈ ಜನಕ್ಕೆ ಏನೂ ಗೊತ್ತಿಲ್ಲ ಎಂದು ಉಚ್ಚೆಂಗಪ್ಪ ನಂಬಿದ್ದ. ಅಷ್ಟು ದೊಡ್ಡ ದೇಹದಲ್ಲಿ ಅಂಥ ಪೆದ್ದುತನ ಹೇಗೆ ಹಿಡಿಸಿತ್ತೋ, ಆ ಹಂಪಿ ವಿರೂಪಾಕ್ಷನೇ ಬಲ್ಲ.

ಏನು ಗೊತ್ತಿಲ್ಲ ಅಂದರೆ, ಕುಸ್ತಿ ಮೊದಲೇ ಮಾತಾಡಿಕೊಂಡದ್ದು ಎಂಬ ಸಂಗತಿ. ಗರಡಿಯ ವಸ್ತಾದ್ ಚನ್ನಯ್ಯ ಹಿಂದೊಮ್ಮೆ ಖರೇ ಕುಸ್ತಿಗಳನ್ನೇ ನಡೆಸಿದವನು. ಖರೇ ಕುಸ್ತಿಯಲ್ಲಿ ಇಬ್ಬರು ಗಟ್ಟಿಗರು ಕುತ್ತಿಗೆಗೆ ಕೈ ಹಾಕಿ ಎತ್ತುಗಳ ಹಾಗೆ ನಿಂತೇಬಿಡುತ್ತಾರೆ. ನೋಡುವವರು ಆಕಳಿಸಿ, ಬೀಡಿ ಹಚ್ಚಿ, ಗಾಡಿ ಹೂಡಿಕೊಂಡು ಊರಿಗೆ ಹೊರಡುತ್ತಾರೆ. ಇಲ್ಲವೇ ಯಾರದೋ ಕೈ ಮುರಿದು ವರ್ಷವೆಲ್ಲ ಮನೆಮಂದಿ ಉಪವಾಸ ಬೀಳುತ್ತಾರೆ. ಇದೆಲ್ಲ ನೋಡಿ ಬೇಸತ್ತ ಚನ್ನಯ್ಯ, ಯಾರು ಗೆಲ್ಲಬೇಕು, ಯಾವ ಪಟ್ಟಿಗೆ ಬೀಳಬೇಕು ಎಂದು ತಾನೇ ಹೇಳಿಕೊಡತೊಡಗಿದ. ಗರಡಿಯ ಒಳಗೆ ಇಂಥ ಕುಸ್ತಿಗೆ 'ಮಣ್ಣು' ಎಂದು ಹೆಸರಾಯಿತು. ಇಬ್ಬರಲ್ಲಿ ಒಬ್ಬನ ಬೆನ್ನು ಮಣ್ಣಾಗಲೇಬೇಕಲ್ಲ. "ಸಂಡೂರಾಗ ಮಣ್ಣೈತಿ, ಕಡ್ಡಿರಾಂಪುರದಾಗ ಮಣ್ಣೈತಿ" ಅಂದರೆ ಅವರಿಗೆಲ್ಲ ಅರ್ಥವಾಗುತ್ತಿತ್ತು. ಈ ಗುಟ್ಟನ್ನು ಹೆಂಡತಿಗೂ ಹೆತ್ತವರಿಗೂ ಹೇಳುವುದಿಲ್ಲ ಎಂದು ಪ್ರತಿಯೊಬ್ಬನೂ ಗರಡಿಯ ಮಣ್ಣು ಹಣೆಗೆ ಹಚ್ಚಿಕೊಂಡು ಆಣೆ ಮಾಡಿದ್ದ.

ಗೆಲ್ಲಲು ಹುಡುಗರು ಬೇಕಾದಷ್ಟಿದ್ದರು. ಬೀಳಲು ಯಾರೂ ಒಪ್ಪುತ್ತಿರಲಿಲ್ಲ. ಉಚ್ಚೆಂಗಪ್ಪ ಒಪ್ಪಿದ. ಅವನು ಬೀಳುವುದನ್ನು ನೋಡಬೇಕಿತ್ತು! ಅಂಗಾತ ಬಿದ್ದರೆ ನೆಲ ಧಡ್ ಎನ್ನಬೇಕು, ಮೂಳೆಗೆ ಮಾತ್ರ ಏನೂ ಆಗಬಾರದು. ಕಂಪ್ಲಿಯಿಂದ ಹೊಸಪೇಟೆವರೆಗೆ ಹಾಗೆ ಬೀಳುವವನು ಇನ್ನೊಬ್ಬನಿರಲಿಲ್ಲ. ನಿಜ ಹೇಳಬೇಕೆಂದರೆ, ಗರಡಿಯ ಬಾಗಿಲು ಹಾಕಿಕೊಂಡು ಇಬ್ಬರೇ ಹಿಡಿದಾಗ ಭರಮಣ್ಣ ಅವನನ್ನು ಒಮ್ಮೆಯೂ ಕೆಡವಿರಲಿಲ್ಲ.

ಇದನ್ನು ಅಪ್ಪನಿಗೆ ಹೇಳಲಾಗಲಿಲ್ಲವಲ್ಲ, ಅದೇ ಉಚ್ಚೆಂಗಪ್ಪನ ಎದೆಯಲ್ಲಿ ಚುಚ್ಚುತ್ತಿತ್ತು. ಅಪ್ಪ ಹುಲುಗಪ್ಪ ಮೆಟ್ರಿಯಲ್ಲಿ ಕಬ್ಬಿನ ಗದ್ದೆಗಳಿಗೆ ನೀರು ಬಿಡುವ ಕೆಲಸದವನು, ಮಾತು ಕಮ್ಮಿ. ದೊಡ್ಡ ಮಗ ಜಂಬಣ್ಣ ಸಂಡೂರಿನ ಗುಡ್ಡಕ್ಕೆ ಮ್ಯಾಂಗನೀಸು ಅಗೆಯಲು ಹೋದವನು, ಮಳೆಗೆ ನೆನೆದ ಗುಡ್ಡ ಜಾರಿ ಸತ್ತಿದ್ದ. ಆಮೇಲೆ ಆ ಮಾತೂ ಉಳಿಯಲಿಲ್ಲ. ಉಚ್ಚೆಂಗಪ್ಪ ಸೋಲುತ್ತಾನೆಂಬ ಸುದ್ದಿ ಊರಿಗೆ ಬಂದಾಗ ಮಾತ್ರ ಒಂದು ಸಲ ಕೇಳಿದ್ದ.

"ಯಾಕ್ಲೇ ಬೀಳ್ತಿ? ಮೈಯಾಗ ಕಸುವು ಇಲ್ಲೇನು?"

ಉಚ್ಚೆಂಗಪ್ಪ ಆಣೆ ನೆನೆದು ತಲೆ ತಗ್ಗಿಸಿದ್ದ. ಹುಲುಗಪ್ಪ ಮಗನ ಭುಜಗಳನ್ನು ಒಮ್ಮೆ ನೋಡಿ, ಸಲಿಕೆ ಹೆಗಲಿಗಿಟ್ಟು ಗದ್ದೆಗೆ ಹೋಗಿದ್ದ. ಮತ್ತೆಂದೂ ಕೇಳಲಿಲ್ಲ. ಅಪ್ಪನಿಗೆ ತನ್ನ ಮೇಲೆ ಅಸಹ್ಯ ಹುಟ್ಟಿದೆ ಎಂದು ಮಗ ತಿಳಿದ. ಗರಡಿ ಬಿಟ್ಟ ದಿನ ಆಣೆಯೂ ತೀರುತ್ತದೆ, ಆವತ್ತು ಅಪ್ಪನ ಪಕ್ಕ ಕೂತು, "ನಾ ಸೋತಿಲ್ಲಪ್ಪ, ಬಿದ್ದೀನಿ ಅಷ್ಟ" ಎಂದು ಹೇಳಬೇಕು. ಈ ಒಂದು ಮಾತಿಗಾಗಿ ಅವನು ಬದುಕನ್ನೇ ಕಾಯ್ದಿಟ್ಟುಕೊಂಡಂತಿದ್ದ. ಅಲ್ಲಿಯವರೆಗೆ ಮೆಟ್ರಿಯಲ್ಲಿ ಮಾತ್ರ ಮಣ್ಣಿಗೆ ಇಳಿಯುವುದಿಲ್ಲ ಎಂದು ವಸ್ತಾದನಿಗೆ ಖಡಾಖಂಡಿತ ಹೇಳಿದ್ದ. ಅಪ್ಪನ ಕಣ್ಣೆದುರು ಬೀಳುವುದು ಅವನಿಂದಾಗದ ಮಾತು.

ಆ ಸಂತೆಯ ದಿನ ಮುಂಜಾನೆ ಉಚ್ಚೆಂಗಪ್ಪ ಗರಡಿಯೊಳಗೆ ಮೈಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದ. ಹೊರಗೆ ಮೆಟ್ರಿಯ ಗಾಡಿಯೊಂದು ನಿಂತಿತು. ಗಾಡಿಯವನು ಇಳಿಯಲೂ ಇಲ್ಲ, ಬಾಗಿಲಲ್ಲಿದ್ದ ಭರಮಣ್ಣನನ್ನು ಕೂಗಿದ.

"ಉಚ್ಚೆಂಗಪ್ಪಗ ಹೇಳ್ರಿ, ಮೆಟ್ರ್ಯಾಗ ಮಣ್ಣೈತಿ. ಹೊತ್ತು ಮುಣುಗೋದ್ರೊಳಗ ಬರಬೇಕಂತ."

ನಮ್ಮ ಕಡೆ ಸಾವಿನ ಸುದ್ದಿ ತಂದವನು ಸತ್ತರು ಎಂದು ಬಾಯಿಬಿಟ್ಟು ಹೇಳುವುದಿಲ್ಲ, ಸತ್ತವರ ಹೆಸರನ್ನೂ ಹೇಳುವುದಿಲ್ಲ. ಮಣ್ಣೈತಿ ಅಂದರೆ ಸಾಕು, ಕೇಳಿದವನು ವಲ್ಲಿ ಹೆಗಲಿಗೆ ಹಾಕಿಕೊಂಡು ಎದ್ದು ನಡೆಯುತ್ತಾನೆ. ಇದು ಭರಮಣ್ಣನಿಗೂ ಗೊತ್ತು, ಉಚ್ಚೆಂಗಪ್ಪನಿಗೂ ಗೊತ್ತು. ಆದರೆ ಗರಡಿಯ ಬಾಗಿಲಲ್ಲಿ, ಸಂತೆಯ ದಿನ, ಆ ಮಾತು ಬೇರೆಯಾಗಿ ಕೇಳಿಸಿತು. ಭರಮಣ್ಣ ಒಳಗೆ ಬಂದು ನಗುತ್ತಾ ಹೇಳಿದ.

"ಲೇ ಉಚ್ಚೆಂಗಿ, ನಿಮ್ಮೂರಾಗ ಮಣ್ಣಂತಲೇ. ಇವತ್ತ ಬರಬೇಕಂತ."

ಉಚ್ಚೆಂಗಪ್ಪನಿಗೆ ಮೈಯೆಲ್ಲ ಉರಿದುಹೋಯಿತು. ಊರವರು ತನ್ನನ್ನು ಅಪ್ಪನ ಎದುರೇ ಬೀಳಿಸಿ ನಗಬೇಕೆಂದು ಹೂಡಿದ್ದಾರೆ ಅಂದುಕೊಂಡ.

"ಮೆಟ್ರಿ ಮಣ್ಣಿಗೆ ನಾ ಬರಂಗಿಲ್ಲ. ಸತ್ರೂ ಬರಂಗಿಲ್ಲ ಅಂತ ಹೇಳು."

ಭರಮಣ್ಣ ಹಾಗೇ ಹೋಗಿ ಹಾಗೇ ಹೇಳಿದ. ಗಾಡಿಯವನು ಒಂದು ಗಳಿಗೆ ಬಾಯಿ ತೆರೆದುಕೊಂಡು ನೋಡಿದ. "ಇದನ್ನ ಹಂಗ ಹೇಳ್ಲೇನ್ರಿ?" ಎಂದು ಕೇಳಿದ. "ಹಂಗ ಹೇಳು" ಎಂದು ಭರಮಣ್ಣ ತಲೆ ಬಾಚಲು ಹೋದ. ಗಾಡಿಯವನು ಎತ್ತುಗಳನ್ನು ಬಂದ ದಾರಿಗೇ ತಿರುಗಿಸಿದ.

ಆವತ್ತಿನ ಕುಸ್ತಿ ಹಿಂದೆಂದೂ ಆಗದಷ್ಟು ಚೆನ್ನಾಗಿ ಆಯಿತು. ಉಚ್ಚೆಂಗಪ್ಪನ ಸಿಟ್ಟು ಖರೇ ಸಿಟ್ಟಾಗಿತ್ತು. ತಲೆಗೊಂದು ಟೋಪಿ ಇಟ್ಟು, ಕೈಯಲ್ಲಿ ಬೆತ್ತ ಹಿಡಿದು, ಗಣಿಯ ಮೇಸ್ತ್ರಿಯ ಹಾಗೆ ಕಣದ ಸುತ್ತ ಓಡಾಡಿದ. ಗುಡ್ಡದಿಂದ ಸಂತೆಗೆ ಬಂದ ಆಳುಗಳು, ವಾರವೆಲ್ಲ ಮೇಸ್ತ್ರಿಯ ಎದುರು ತುಟಿ ಬಿಚ್ಚದವರು, ಎದ್ದು ನಿಂತು ಅವನ ತಾಯಿ ತಂದೆಯರನ್ನೆಲ್ಲ ಬೈದು ಹಗುರಾದರು. ಹೆಂಗಸರು ಕೂಡ ಹಿಡಿ ಮಣ್ಣು ತೂರಿದರು. ಭರಮಣ್ಣ ಎತ್ತಿದ, ಉಚ್ಚೆಂಗಪ್ಪ ಬಿದ್ದ, ನೆಲ ಧಡ್ ಎಂದಿತು. ಯಾವತ್ತಿನಂತೆ ಚಟ್ಟನೆ ಎದ್ದು, ಗೆದ್ದವನ ಮೆರವಣಿಗೆಗೆ ದಾರಿ ಬಿಟ್ಟು ಹಿಂದಿನಿಂದ ನುಸುಳಿದ.

ಅಲ್ಲಿ ಹಂಪಕ್ಕ ನಿಂತಿದ್ದಳು, ಬುಟ್ಟಿ ಇರಲಿಲ್ಲ.

"ಅಯ್ಯೋ ಮಾರಾಯ, ಮನುಷ್ಯ ಏನಲೇ ನೀನು?" ಎಂದಳು. "ನಿಮ್ಮಪ್ಪನ್ನ ಮಣ್ಣಿಗೆ ಒಯ್ಯಾಕತ್ತಾರ, ನೀ ಇಲ್ಲಿ ತೊಡಿ ತಟ್ಟಾಕತ್ತಿ. ಬರಂಗಿಲ್ಲ ಅಂತ ಹೇಳಿಕಳಿಸಿದೆಂತ. ಮೆಟ್ರಿ ಮಂದಿ ಸಂತ್ಯಾಗೆಲ್ಲಾ ಉಗುಳಾಕತ್ತಾರ."

ಉಚ್ಚೆಂಗಪ್ಪನಿಗೆ ಮೊದಲು ಮಾತು ತಿಳಿಯಲಿಲ್ಲ. ತಿಳಿದ ಮೇಲೆ ಚಡ್ಡಿಯ ಮೇಲೇ, ಕೆಮ್ಮಣ್ಣು ಮೆತ್ತಿದ ಮೈಯಲ್ಲೇ ಮೆಟ್ರಿಯ ದಾರಿ ಹಿಡಿದು ಓಡಿದ. ದಾರಿಯುದ್ದಕ್ಕೂ ತಾನು ಹೇಳಿಕಳಿಸಿದ ಮಾತೇ ಕಿವಿಯಲ್ಲಿ ಗುಂಯ್‌ಗುಟ್ಟಿತು. ಸತ್ತರೂ ಬರುವುದಿಲ್ಲ ಅಂದಿದ್ದನಲ್ಲ! ಎದುರಿಗೆ ಬಂದ ಗಾಡಿಗಳವರು ಅವನನ್ನು ಗುರುತಿಸಿ, ಮಾತಾಡಿಸದೆ, ಎತ್ತುಗಳನ್ನು ಪಕ್ಕಕ್ಕೆ ಎಳೆದುಕೊಂಡರು.

ಊರು ಮುಟ್ಟಿದಾಗ ಬೆಳಕಿತ್ತು, ಆದರೆ ಮಣ್ಣು ಆಗಿಹೋಗಿತ್ತು. ಕಾಲುವೆ ಬದಿಯ ಹೊಲದಲ್ಲಿ ಜನ ಸಲಿಕೆ ತೊಳೆಯುತ್ತಿದ್ದರು. ಮಗ ಹಾಕಬೇಕಾದ ಮೊದಲ ಹಿಡಿ ಮಣ್ಣನ್ನು ಚಿಕ್ಕಪ್ಪನ ಮಗ ಉದ್ದಾನಪ್ಪ ಹಾಕಿದ್ದ. ಉಚ್ಚೆಂಗಪ್ಪ ಅವನ ಮುಂದೆ ಹೋಗಿ ನಿಂತ. ಏನಾಯಿತೆಂದು ಹೇಳಬೇಕಾದರೆ ಗರಡಿಯ ಮಾತನ್ನೇ ಹೇಳಬೇಕು. ಆಣೆ ಗೀಣೆ ಎಲ್ಲ ಆಗ ಯಾರಿಗೆ ಬೇಕಿತ್ತು!

"ಉದ್ದಾನಣ್ಣ, ಮಣ್ಣು ಅಂದ್ರ ನಮ್ಮ ಗರಡ್ಯಾಗ ಬ್ಯಾರೆ. ಮಾತಾಡಿಕೊಂಡು ಆಡೋ ಕುಸ್ತಿ. ನಾವು ಆಡೋದು ಖರೇ ಕುಸ್ತಿ ಅಲ್ಲ. ನಾ ಬೇಕಂತ ಬೀಳ್ತೀನಿ. ಕುಸ್ತಿಗೆ ಕರದಾರ ಅಂತ ತಿಳಿದು ಬರಂಗಿಲ್ಲ ಅಂದೆ."

ಇಷ್ಟು ವರ್ಷ ಯಾರಿಗೂ ಹೇಳದೆ ಹೊತ್ತುಕೊಂಡಿದ್ದ ಗುಟ್ಟನ್ನು ಹೀಗೆ ನಾಲ್ಕು ಜನರ ನಡುವೆ ಚೆಲ್ಲಿ, ಅವರು ಬೆಚ್ಚುತ್ತಾರೆಂದು ನೋಡಿದ. ಯಾರೂ ಬೆಚ್ಚಲಿಲ್ಲ. ಉದ್ದಾನಪ್ಪ ಸಲಿಕೆಯ ನೀರು ಝಾಡಿಸಿದ.

"ನೀ ಬೇಕಂತ ಬೀಳೋದು ಊರಿಗೆಲ್ಲಾ ಗೊತ್ತೈತಲ್ಲೋ. ಸಣ್ಣ ಹುಡುಗ್ರಿಗೂ ಗೊತ್ತೈತಿ. ಮಣ್ಣಂದ್ರ ಅದು ಅಂತ ನಮಗೇನು ಗೊತ್ತಿತ್ತು?"

ಉಚ್ಚೆಂಗಪ್ಪ ಮನೆಗೆ ನಡೆದ. ತಾಯಿ ಹೊಳೆಮ್ಮ ಗೋಡೆಗೆ ಒರಗಿ ಕೂತಿದ್ದಳು. ಅವನು ಆಕೆಯ ಎದುರು ಕುಕ್ಕರಗಾಲಲ್ಲಿ ಕೂತು ಅದನ್ನೇ ಮತ್ತೆ ಹೇಳಿದ. ಹೇಳುತ್ತಾ ಹೇಳುತ್ತಾ ಎಳೆ ಕೂಸಿನ ಹಾಗೆ ಅತ್ತ. ಹೊಳೆಮ್ಮ ಅವನ ಬಾಗಿದ ಬೆನ್ನಿಗೆ ಮೆತ್ತಿದ ಕೆಮ್ಮಣ್ಣನ್ನೇ ನೋಡುತ್ತಿದ್ದಳು.

"ನಂಬ್ತೀನಿ ಬಿಡಪ್ಪ," ಎಂದಳು. "ಆದ್ರ ಮಣ್ಣು ಹಾಕಿ ಆತಲ್ಲ."

"ಯವ್ವಾ, ಅಪ್ಪಗೂ ಗೊತ್ತಿತ್ತೇನು?"

"ಗೊತ್ತಿಲ್ದ ಏನು? ಸಂತಿ ಅಂತ ಹೇಳಿ ಹೋಗಾವ. ಬರುವಾಗ ಕೈಯಾಗ ಒಂದು ಉಳ್ಳಾಗಡ್ಡಿ ಇರ್ತಿದ್ದಿಲ್ಲ. ಕಣದ ಹಿಂದ ಬೇವಿನ ಗಿಡದ ಹಂತ್ಯಾಕ ನಿಂತು ನೋಡ್ತಿದ್ನಂತ, ನಿನ್ನ ಕಣ್ಣಿಗೆ ಬೀಳಲಾರದಂಗ."

"ಯಾಕ? ನಾ ಸೋಲೋದು ನೋಡಾಕೇನು?"

ಹೊಳೆಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. ಮೂಲೆಯಲ್ಲಿ ಯಾರೋ ಹೆಂಗಸು ಮೂಗು ಸೀಟಿಕೊಂಡಳು.

"ನಾನೂ ಹಂಗ ಕೇಳಿದೆ. ಆಟ ಅಂತ ಗೊತ್ತಿದ್ದು ಅಷ್ಟು ದೂರ ಯಾಕ ನಡೀತಿ ಅಂದೆ. ಆಟ ಅಂತ ಗೊತ್ತೈತಿ, ಅದಕ್ಕ ನೋಡಾಕ ಆಗ್ತೈತಿ ಅಂದ. ಜಂಬಣ್ಣನ ಮ್ಯಾಲಿನ ಮಣ್ಣು ತಗಿಯುವಾಗ ಮುಂಜಾನಿಂದ ಅಲ್ಲೇ ಕುಂತಿದ್ನಲ್ಲ ನಿಮ್ಮಪ್ಪ. ಏಳ್ತಾನ, ಏಳ್ತಾನ ಅಂತ ನೋಡಿದ. ಏಳಲಿಲ್ಲ. ಈ ಮಗ ಬಿದ್ರ ಏಳ್ತಾನ, ಎಷ್ಟು ಸಲ ಬಿದ್ರೂ ಏಳ್ತಾನ, ಅದನ್ನ ನೋಡಿದ ದಿನ ನನಗ ನಿದ್ದಿ ಬರ್ತೈತಿ ಅಂತಿದ್ದ. ನೀ ಭಾಳ ಜಲ್ದಿ ಎದ್ದುಬಿಡ್ತಿ ಅಂತ ಒಂದ ಬ್ಯಾಸರ ಇತ್ತು ಅವಗ. ಹಿಂದ ನಿಂತವರಿಗೆ ಮಂದಿ ಅಡ್ಡ ಬಂದು ಕಾಣವಲ್ದು ಅಂತಿದ್ದ."

ಉಚ್ಚೆಂಗಪ್ಪ ಅಪ್ಪನಿಗೆ ಹೇಳಬೇಕೆಂದು ಕಾಯ್ದಿಟ್ಟ ಮಾತು ಅಪ್ಪನಿಗೆ ಬೇಕಾಗಿಯೇ ಇರಲಿಲ್ಲ. ಬೇಕಾಗಿದ್ದದ್ದು ತೀರ ಸಣ್ಣದು, ಕೇಳಿದ್ದರೆ ಆವತ್ತೇ ಕೊಡಬಹುದಾಗಿತ್ತು.

ಮರುದಿನ ಹೊಲಕ್ಕೆ ಹೋಗಿ, ಕೂಡಿಸಿಟ್ಟ ಮಣ್ಣಿನ ಮೇಲೆ ಇನ್ನೊಂದು ಹಿಡಿ ಹಾಕಿ ಬಂದ. ಅದು ಅಪ್ಪನಿಗೆ ಮುಟ್ಟುವ ಮಣ್ಣಲ್ಲ ಎಂದು ಅವನಿಗೂ ಗೊತ್ತಿತ್ತು. ಮೆಟ್ರಿಯಲ್ಲಿ ಕೆಲವರು ಅವನ ಮಾತು ನಂಬಿದರು, ಕೆಲವರು ಕೊನೆತನಕ ನಂಬಲಿಲ್ಲ. ಭರಮಣ್ಣ ಮಾತ್ರ ಆಮೇಲೆ ಗರಡಿಯಲ್ಲಿ ಯಾರ ಬಾಯಲ್ಲಾದರೂ 'ಮಣ್ಣು' ಎಂಬ ಮಾತು ಬಂದರೆ ಎದ್ದು ಹೊರಗೆ ಹೋಗುತ್ತಿದ್ದ.

ದಿನಕರ್ಮ ಮುಗಿದ ಮೇಲಿನ ಸಂತೆಗೆ ಉಚ್ಚೆಂಗಪ್ಪ ಮತ್ತೆ ಆದೋನಿ ಪೈಲ್ವಾನನಾಗಿ ಕಣಕ್ಕಿಳಿದ. ಬೇರೆ ಕೆಲಸ ಅವನಿಗೆ ಬರುತ್ತಿರಲಿಲ್ಲ. ಬಯಲಿಗೆ ಬಯಲೇ ಅವನನ್ನು ಬೈದು ಕುಣಿಯಿತು. ಭರಮಣ್ಣ ಎತ್ತಿ ಒಗೆದ. ಆವತ್ತು ಉಚ್ಚೆಂಗಪ್ಪ ಚಟ್ಟನೆ ಏಳಲಿಲ್ಲ. ಮುಂದಿನ ಜನ ಕೂಗಿ ದಣಿದು ಕೂರುವ ತನಕ ಮಣ್ಣಿನಲ್ಲೇ ಬಿದ್ದಿದ್ದ. ಆಮೇಲೆ ಮೊದಲು ಮಂಡಿಯೂರಿದ, ಕೈಯೂರಿದ, ನಿಧಾನಕ್ಕೆ, ಪೂರಾ ಎತ್ತರಕ್ಕೆ ಎದ್ದು ನಿಂತ. ಬೇವಿನ ಗಿಡದ ಕಡೆ ಮುಖ ಮಾಡಿ ಒಂದು ಗಳಿಗೆ ಹಾಗೇ ನಿಂತಿದ್ದ. ಆ ಗಿಡದ ಕೆಳಗೆ ಸಂತೆಯವರ ಎರಡು ಎತ್ತು ಕಟ್ಟಿದ್ದವು. ಉಚ್ಚೆಂಗಪ್ಪನಿಗೆ ವಯಸ್ಸಾಯಿತು, ಮೊದಲಿನ ಹಾಗೆ ಜಲ್ದಿ ಏಳಲು ಆಗುವುದಿಲ್ಲ ಎಂದು ಜನ ಮಾತಾಡಿಕೊಂಡು ಮನೆಗೆ ಹೋದರು.