ಕಾಂಪೌಂಡರ್ ಸಾಹೇಬರ ಪ್ರಶ್ನೆ

ಬಾಟಲಿಯಿಂದ ಏನೇ ಬಗ್ಗಿಸಲಿ, ಅವರು ಚೀಟಿ ಅಂಟಿಸಿದ ಬದಿಯನ್ನು ಅಂಗೈಗೆ ಒತ್ತಿ ಹಿಡಿಯುತ್ತಿದ್ದರು. ಮುಚ್ಚಳವನ್ನು ಎಂದೂ ಕೆಳಗಿಡುತ್ತಿರಲಿಲ್ಲ; ಎಡಗೈಯ ಕಿರುಬೆರಳನ್ನು ಮಡಿಸಿ ಅದರಲ್ಲೇ ಸಿಕ್ಕಿಸಿಕೊಂಡಿರುತ್ತಿದ್ದರು. ಬಾದಾಮಿ ಕಡೆಯ ಸರಕಾರಿ ದವಾಖಾನೆಯಲ್ಲಿ ಆಯುಷ್ಯವೆಲ್ಲ ಮಿಕ್ಸ್ಚರ್ ಕಲಸಿ ಆ ಬೆರಳು ನೆಟ್ಟಗಾಗುವುದನ್ನೇ ಮರೆತಿತ್ತು. ನಿವೃತ್ತಿಯಾದ ಮೇಲೆ ಅಮೆರಿಕದ ವೆಸ್ಟ್‌ಮಂಟಿನಲ್ಲಿ ನಮ್ಮ ಮನೆಯ ಕೆಳಗಡೆ ಇದ್ದ ಮಗಳ ಅಪಾರ್ಟ್‌ಮೆಂಟಿಗೆ ಬಂದು ನೆಲೆಸಿದ್ದರು. ಗ್ಯಾಲನ್ ಹಾಲಿನ ಕ್ಯಾನನ್ನೂ ಅವರು ಹಾಗೆಯೇ ಬಗ್ಗಿಸುವುದನ್ನು ನೋಡಿ ನನಗೆ ನಗು ಬರುತ್ತಿತ್ತು. ಔಷಧ ಸೋರಿ ಚೀಟಿ ಅಳಿಸಿಹೋದರೆ ಯಾರದೋ ಪ್ರಾಣ ಹೋಗುತ್ತದೆ ಎನ್ನುವುದು ಅವರ ವಿವರಣೆ. ಕನ್ನಡದವರೆಲ್ಲ ಅವರನ್ನು ಕಾಂಪೌಂಡರ್ ಸಾಹೇಬರು ಎಂದೇ ಕರೆಯುತ್ತಿದ್ದರು.

ಇದನ್ನೂ ಈಗಲೇ ಹೇಳಿಬಿಡುತ್ತೇನೆ. ಅವರ ಮೇಲೆ ನನಗೆ ಹೊಟ್ಟೆಕಿಚ್ಚಿತ್ತು. ಸಣ್ಣಪುಟ್ಟದ್ದಲ್ಲ, ಊಟ ಸೇರದಷ್ಟು.

ತೊಂಬತ್ತರ ದಶಕದ ಕೊನೆ ಅದು. ಮೈಸೂರಿನಿಂದ ಬಂದ ನಾನು ಇಂಗ್ಲೆಂಡಿನ ಹಳೆಯ ಕೈಬರಹ ಓದುವುದನ್ನು ಕಲಿತು ಪಿಎಚ್.ಡಿ. ಮಾಡುತ್ತಿದ್ದೆ. ಮುನ್ನೂರು ನಾನೂರು ವರ್ಷಗಳ ಹಿಂದೆ ಅಲ್ಲಿಯ ಗೃಹಿಣಿಯೊಬ್ಬಳು ಬರೆದಿಟ್ಟ ಮನೆಮದ್ದಿನ ಪುಸ್ತಕ ನನ್ನ ವಿಷಯ. ಇಂಥ ಹೆಂಗಸರು ಮದ್ದುಗಳನ್ನು ಅಲ್ಲಿ ಇಲ್ಲಿ ನೋಡಿ ಚಂದವಾಗಿ ನಕಲು ಮಾಡಿದರೇ ಹೊರತು ತಾವು ತಯಾರಿಸಲಿಲ್ಲ ಎಂಬುದು ನನ್ನ ವಾದ. ಮೂರು ವರ್ಷ ಕಣ್ಣು ಕಳೆದುಕೊಂಡು ಆ ವಾದ ಕಟ್ಟಿದ್ದೆ. ನನ್ನ ಗೈಡ್ ಕಟ್ಟುನಿಟ್ಟಿನ ಹೆಂಗಸು, ‘ಪರವಾಗಿಲ್ಲ’ ಎನ್ನುವುದೇ ಅವರ ದೊಡ್ಡ ಹೊಗಳಿಕೆ. ಅದಕ್ಕಿಂತ ಒಂದು ಮಾತು ಹೆಚ್ಚು ಕೇಳಬೇಕೆಂದು ನಾನು ಬಾಯಿ ಬಿಡುತ್ತಿದ್ದೆ.

ಒಂದು ಮಧ್ಯಾಹ್ನ ಸಾಹೇಬರು ನಮ್ಮ ಡಬ್ಬಿ ವಾಪಸು ಕೊಡಲು ಬಂದರು. ಮೇಜಿನ ಮೇಲೆ ಪುಟಗಳ ಜೆರಾಕ್ಸ್ ಹರಡಿತ್ತು. ಆ ಅಕ್ಷರ ಅವರಿಗೆ ಓದಲು ಬರಲಿಲ್ಲ. ಔಷಧದ ಪುಸ್ತಕವೆಂದು ತಿಳಿದದ್ದೇ ಕುರ್ಚಿ ಎಳೆದುಕೊಂಡು ಕೂತರು. ನಾನು ಓದಿ ಹೇಳಿದೆ: ‘ನನ್ನ ರಾಬಿನ್‌ನ ಕೆಮ್ಮಿಗೆ. ಅಂಜೂರ, ಜ್ಯೇಷ್ಠಮಧು, ಜೇನು ಹಾಕಿ ಕುದಿಸಿ, ಆರಿದ ಮೇಲೆ ಸೋಸುವುದು.’ ‘ಆರಿದ ಮೇಲೆ’ ಎಂಬುದನ್ನು ಹೊಡೆದುಹಾಕಿ ಮೇಲೆ ‘ಬಿಸಿ ಇದ್ದಾಗಲೇ’ ಎಂದು ಬರೆದಿತ್ತು. ನಕಲು ಮಾಡುವಾಗ ತಪ್ಪಿದ್ದಾಳೆ, ಆಮೇಲೆ ತಿದ್ದಿಕೊಂಡಿದ್ದಾಳೆ ಎಂದು ನಾನು ವಿವರಿಸಿದೆ.

“ತಪ್ಪಲ್ಲ ಬೇಟಿ, ಈಕಿ ಮಾಡ್ಯಾಳ,” ಎಂದರು ಸಾಹೇಬರು. “ಆರಿಸಿ ಸೋಸಾಕ ಹೋಗ್ಯಾಳ, ಬಟ್ಟ್ಯಾಗ ಅಂಟಿ ಕುಂತೈತಿ. ಮುಂದಿನ ಸಲ ಬಿಸಿ ಇದ್ದಾಗ ಸೋಸ್ಯಾಳ.”

“ಹಾಗೆಲ್ಲ ಊಹೆ ಮಾಡೋಕಾಗಲ್ಲ ಅಂಕಲ್. ಪ್ರೂಫ್ ಬೇಕು.”

“ಹಂಗಾರ ಒಲಿ ಹಚ್ಚು.”

ಹಚ್ಚಿದೆ, ಅವರ ಬಾಯಿ ಮುಚ್ಚಿಸಬೇಕೆಂದೇ ಹಚ್ಚಿದೆ. ಅಂಗಡಿಯಿಂದ ಸಾಮಾನು ತಂದು ಎರಡು ಪಾತ್ರೆಯಲ್ಲಿ ಕುದಿಸಿದೆವು. ಆರಿಸಿದ್ದು ನನ್ನ ಹಳೆಯ ದುಪಟ್ಟಾದಲ್ಲಿ ಮುದ್ದೆಯಾಗಿ ಕೂತಿತು. ಎಷ್ಟು ಹಿಂಡಿದರೂ ನಾಲ್ಕು ಹನಿ ಬೀಳಲಿಲ್ಲ. ಬಿಸಿಯದು ಸರಾಗವಾಗಿ ಇಳಿಯಿತು. ಮೂರು ವರ್ಷದಲ್ಲಿ ನನಗೆ ಕಾಣದ್ದು ಈ ಮುದುಕರಿಗೆ ಹತ್ತು ನಿಮಿಷದಲ್ಲಿ ಕಂಡಿತ್ತು. ಸಂತೋಷಪಡಬೇಕಿತ್ತು, ಮೈಯೆಲ್ಲ ಉರಿಯಿತು.

ಪ್ರಬಂಧವನ್ನು ಬದಲಿಸಲೇಬೇಕಾದ್ದರಿಂದ ಗೈಡ್‌ಗೆ ಹೇಳದೆ ವಿಧಿಯಿರಲಿಲ್ಲ. ಆಕೆ ಅವರನ್ನು ಲೈಬ್ರರಿಗೆ ಕರೆದುಕೊಂಡು ಬಾ ಎಂದರು. ಸಾಹೇಬರು ಸೂಟು ಹಾಕಿಕೊಂಡು ಬಂದರು. ಮೂಲ ಪುಸ್ತಕವನ್ನು ನಡುವೆ ಇಟ್ಟುಕೊಂಡು ಇಬ್ಬರೂ ಇಡೀ ಮಧ್ಯಾಹ್ನ ಕೂತರು. ನಾನು ನಡುವೆ ದುಭಾಷಿ. ಗೈಡ್ ಅಷ್ಟು ನಕ್ಕಿದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ. ಹೊರಡುವಾಗ ಸಾಹೇಬರು ಕೇಳಿದರು:

“ಆ ಕೆಮ್ಮಿನ ಹುಡುಗ ಆರಾಮಾದ್ನೇನು?”

ನಾನು ಇಂಗ್ಲಿಷಿಗೆ ಮಾಡಿ ಹೇಳಿದೆ. ಗೈಡ್ ಕನ್ನಡಕ ತೆಗೆದು ನನ್ನ ಕಡೆ ತಿರುಗಿದರು. “ಮೂರು ವರ್ಷದಲ್ಲಿ ನೀನು ಒಂದು ದಿನವೂ ಇದನ್ನು ಕೇಳಲಿಲ್ಲ,” ಎಂದರು.

ವಾಪಸು ಡ್ರೈವ್ ಮಾಡುವಾಗ ಸಾಹೇಬರೇ ಮಾತಾಡುತ್ತಿದ್ದರು. ಊರಲ್ಲಿ ಬಾಟಲಿ ಒಯ್ದವರನ್ನು ಸಂತೆಯಲ್ಲಿ ಕಂಡರೂ ನಿಲ್ಲಿಸಿ ಕೇಳುತ್ತಿದ್ದರಂತೆ. “ಔಷಧ ಕೊಟ್ಟ ಮ್ಯಾಲ ಕೇಳಬೇಕಲ್ಲ ಬೇಟಿ, ಹೆಂಗದಾರ ಅಂತ.”

ಉತ್ತರ ನನಗೆ ಹತ್ತೇ ದಿನದಲ್ಲಿ ಸಿಕ್ಕಿತು. ಆ ಪುಸ್ತಕವನ್ನು ತಲೆಕೆಳಗಾಗಿ ತಿರುಗಿಸಿ ಆ ಗೃಹಿಣಿ ಹಿಂದಿನಿಂದಲೂ ಬರೆದಿದ್ದಳು. ಬಸುರಿ ಬಾಣಂತಿಯರ ಮದ್ದುಗಳ ಆ ಭಾಗ ನನ್ನ ವಿಷಯವಲ್ಲವೆಂದು ಓದಿರಲೇ ಇಲ್ಲ. ಅದೇ ಕೈಬರಹ, ಈಗ ವಯಸ್ಸಾಗಿ ನಡುಗುತ್ತಿತ್ತು: ‘ನನ್ನ ರಾಬಿನ್‌ನ ಹೆಂಡತಿಗೆ, ಬಸುರಿಯ ವಾಂತಿಗೆ.’ ಹುಡುಗ ಬದುಕಿದ್ದ, ಮದುವೆಯಾಗಿದ್ದ. ಲೈಬ್ರರಿ ಎಂಬುದನ್ನೂ ಮರೆತು ಗಟ್ಟಿಯಾಗಿ ನಕ್ಕುಬಿಟ್ಟೆ. ಮರುಕ್ಷಣವೇ ಸಾಹೇಬರಿಗೆ ಹೇಳಬಾರದು ಎಂದುಕೊಂಡೆ. ಹೇಳಿದರೆ ಅವರು ಮಗಳಿಂದ ಗೈಡ್‌ಗೆ ಫೋನ್ ಮಾಡಿಸುತ್ತಾರೆ, ಇದೂ ಅವರದೇ ಆಗುತ್ತದೆ. ಮೊದಲು ನನ್ನ ಹೆಸರಿನಲ್ಲಿ ಅಚ್ಚಾಗಲಿ.

ಅಷ್ಟರಲ್ಲಿ ಅಳಿಯನಿಗೆ ಮಿಷಿಗನ್ನಿನಲ್ಲಿ ಕೆಲಸ ಸಿಕ್ಕಿ ಅವರೆಲ್ಲ ರಾಚೆಸ್ಟರ್ ಹಿಲ್ಸ್‌ಗೆ ಹೋದರು. ಸಾಹೇಬರು ಭಾನುವಾರ ತಪ್ಪದೆ ಫೋನ್ ಮಾಡುತ್ತಿದ್ದರು.

“ತಿಳೀತೇನು ಬೇಟಿ, ಆ ಹುಡುಗನ ಸುದ್ದಿ?”

“ಹುಡುಕ್ತಾ ಇದೀನಿ ಅಂಕಲ್.”

“ಹುಡುಕು. ಆಕಿ ಎಲ್ಲ್ಯಾರ ಬರ್ದಿರ್ತಾಳ.”

ಪ್ರತಿ ವಾರ ಇದೇ. ಅವರ ದನಿ ಸಣ್ಣಗಾಗುತ್ತಾ ಬಂತು, ಮಾತಿನ ನಡುವೆ ಉಬ್ಬಸ ಕೇಳತೊಡಗಿತು. ಆಗಲೂ ನಾನು ಹೇಳಲಿಲ್ಲ. ನನ್ನ ಲೇಖನವಿದ್ದ ಪತ್ರಿಕೆ ಕೊನೆಗೂ ಒಂದು ಮಂಗಳವಾರ ಟಪಾಲಿನಲ್ಲಿ ಬಂತು. ಗೈಡ್ ಓದಿ ‘ಬಹಳ ಚೆನ್ನಾಗಿದೆ’ ಎಂದರು, ಅಷ್ಟು ವರ್ಷ ಕಾದ ಮಾತು. ಭಾನುವಾರ ಸಾಹೇಬರ ಫೋನ್ ಬಂದಾಗ ಹೇಳೋಣವೆಂದು ಉತ್ತರವನ್ನು ಸಿದ್ಧಮಾಡಿಕೊಂಡೆ. ಭಾನುವಾರ ಫೋನ್ ಬಂತು, ಮಾಡಿದ್ದು ಮಗಳು.

ಮಾರನೆಯ ದಿನ ಐದು ಗಂಟೆ ಡ್ರೈವ್ ಮಾಡಿ ಹೋದೆ. ಅವರನ್ನು ಮಣ್ಣು ಮಾಡಿ ಆಗಿತ್ತು. ಮಗಳು ಚಹಾ ತಂದುಕೊಟ್ಟು ಪಕ್ಕದಲ್ಲಿ ಕೂತಳು. ಅತ್ತು ಅತ್ತು ಅವಳ ಮುಖ ಊದಿಕೊಂಡಿತ್ತು.

“ಅಬ್ಬಾ ಆಸ್ಪತ್ರ್ಯಾಗೂ ಕೇಳಾಕತ್ತಿದ್ರು ಅಕ್ಕಾ, ಯಾವನೋ ಹುಡುಗನ ಸುದ್ದಿ. ತಿಳೀತೇನ್ರಿ?”

“ಹೂಂ. ಬದುಕಿದ್ದ. ಮೊನ್ನೆ ತಾನೇ ಗೊತ್ತಾಯ್ತು,” ಎಂದೆ.

ಗೊತ್ತಾಗಿ ಹದಿನಾಲ್ಕು ತಿಂಗಳಾಗಿತ್ತು.